ಅಣ್ಣನ ಮೊಣಕೈ ನೋವಿನ ಬೇಸಿಗೆ

ನಮ್ಮೂರಿನ ಗಂಡಸರನ್ನು ಯಾರಾದರೂ ಹೊಗಳಬೇಕಾದರೆ ಅವರು ಮೊದಲು ಸಾಯಬೇಕು. ಬದುಕಿರುವಾಗ ಒಬ್ಬರ ಬಾಯಿಂದಲೂ ಒಂದು ಒಳ್ಳೆಯ ಮಾತು ಬರುವುದಿಲ್ಲ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕೂತು, ಹ್ಯಾಮ್ ಇಟ್ಟ ಬನ್ನು ತಿನ್ನುತ್ತಾ, "ಎಂಥಾ ಮನುಷ್ಯ ಮಾರಾಯ" ಎಂದು ತಲೆಯಾಡಿಸುತ್ತಾರೆ. ಆ ಬನ್ನುಗಳಿಗೆ ಬೆಣ್ಣೆ ಹಚ್ಚುವವಳು ನಾನೇ ಆದ್ದರಿಂದ ಈ ವಿಷಯ ನನಗೆ ಚೆನ್ನಾಗಿ ಗೊತ್ತು. ಊರಿಗೆಲ್ಲ ಕೇಳಿಸುವ ಆ ಹೊಗಳಿಕೆ ಪೆಟ್ಟಿಗೆಯೊಳಗೆ ಮಲಗಿದವನೊಬ್ಬನಿಗೆ ಮಾತ್ರ ಕೇಳಿಸುವುದಿಲ್ಲ.

ನನ್ನ ಗಂಡ ಆಂಬ್ರೋಸ್‌ನ ವಿಷಯದಲ್ಲಿ ಹೀಗಾಗಕೂಡದು ಎಂದು ನಾನು ನಿರ್ಧರಿಸಿದ್ದೆ. ಅವನಿಗೇನೂ ಕಾಯಿಲೆ ಇರಲಿಲ್ಲ. ಎಪ್ಪತ್ತು ದಾಟಿದ್ದ. ಹಿಂದಿನ ವರ್ಷ ಹಸುಗಳನ್ನು ಮಾರಿ ಆಗಿತ್ತು, ಬಲಗೈಯ ಬೆರಳುಗಳು ಸೊಟ್ಟಗಾಗಿದ್ದವು, ಅಷ್ಟೆ. ಆದರೂ ನನಗೆ ಅವಸರವಿತ್ತು. ಅವನು ಕಾಫಿ ಕುಡಿಯುತ್ತಾ ಕೂತಿರುವಾಗ, ಕಿವಿ ನೆಟ್ಟಗಿರುವಾಗ, ಊರು ಅವನ ಬಗ್ಗೆ ಒಂದು ಒಳ್ಳೆಯ ಮಾತು ಆಡಬೇಕಿತ್ತು. ಅದಕ್ಕೆ ಒಂದು ದಾರಿಯೂ ತಾನಾಗಿ ಬಂದಿತ್ತು.

ನಮ್ಮೂರು ಸೇಂಟ್ ವಾಲ್ಬರ್ಗಾದ ಬೇಸ್‌ಬಾಲ್ ತಂಡಕ್ಕೆ ಆ ಬೇಸಿಗೆ ನೂರು ವರ್ಷ ತುಂಬುತ್ತಿತ್ತು. ಚರ್ಚಿನ ಹಿಂದಿನ ಮೈದಾನದ ಬೇಲಿಯ ಮೇಲೆ, ಜೋಳದ ಹೊಲಕ್ಕೆ ಬೆನ್ನು ಹಾಕಿದ ಹಲಗೆಗಳ ಮೇಲೆ, ನೂರು ವರ್ಷದ ಒಂಬತ್ತು ಜನ ಉತ್ತಮರ ಹೆಸರು ಬರೆಸುವುದೆಂದು ಊರವರು ಗೊತ್ತು ಮಾಡಿದ್ದರು. ಒಂದೊಂದು ಜಾಗಕ್ಕೆ ಒಬ್ಬೊಬ್ಬ. ಒಬ್ಬನ ಇಡೀ ಆಯುಷ್ಯದ ಆಟ ಲೆಕ್ಕಕ್ಕಿಲ್ಲ. ಅವನ ಒಂದೇ ಒಂದು ಅತ್ಯುತ್ತಮ ಬೇಸಿಗೆ ಲೆಕ್ಕ. ಹೆಸರು, ಅದರ ಪಕ್ಕದಲ್ಲಿ ಆ ವರ್ಷ. ಚಳಿಗಾಲವಿಡೀ ಶುಕ್ರವಾರ ಶುಕ್ರವಾರ ಡೆಲ್ಫಿನ್‌ಳ ಹೋಟೆಲಿನಲ್ಲಿ ಹುರಿದ ಮೀನು ತಿಂದಾದ ಮೇಲೆ, ಬಿಯರ್ ಲೋಟಗಳ ನಡುವೆ, ಒಂದೊಂದೇ ಜಾಗದ ತೀರ್ಮಾನ ನಡೆಯಿತು. ಪೋಪರನ್ನು ಆರಿಸುವವರೂ ಅಷ್ಟು ಕಿತ್ತಾಡಿರಲಿಕ್ಕಿಲ್ಲ. ಎಂಟು ಹೆಸರು ಮುಗಿದಿದ್ದವು. ಎರಡನೇ ಮೂರನೇ ಬೇಸಿನ ನಡುವೆ ಕಾಯುವ ಶಾರ್ಟ್‌ಸ್ಟಾಪ್ ಜಾಗಕ್ಕೆ ನನ್ನ ಅಣ್ಣ ನಾರ್ಬರ್ಟ್‌ನ ಹೆಸರು, ಎದುರಾಳಿಯೇ ಇಲ್ಲದೆ. ವರ್ಷ 1976. ಆ ಇಡೀ ಬೇಸಿಗೆ ಅವನ ಲೆಕ್ಕಕ್ಕೆ ಒಂದೇ ಒಂದು ತಪ್ಪು ಎಸೆತವೂ ಬಿದ್ದಿರಲಿಲ್ಲ. ಅದನ್ನು ಅವನು ನಮಗೆ ಮರೆಯಲೂ ಬಿಟ್ಟಿರಲಿಲ್ಲ.

ಉಳಿದದ್ದು ಒಂದನೇ ಬೇಸ್. ಆಂಬ್ರೋಸ್ ಹತ್ತು ಹನ್ನೆರಡು ವರ್ಷ ನಿಂತು ಆಡಿದ ಜಾಗ.

ಏಪ್ರಿಲ್‌ನ ಆ ಶುಕ್ರವಾರ ನಾನು ಇಸ್ತ್ರಿ ಮಾಡಿದ ಅಂಗಿಯನ್ನು ಅವನಿಗೆ ಕೊಟ್ಟಾಗ, "ಮೀನು ತಿನ್ನೋಕೆ ಈ ಅಂಗಿ ಯಾಕೆ?" ಎಂದ.

"ಸುಮ್ನೆ ಹಾಕ್ಕೋ" ಎಂದೆ.

ಹೋಟೆಲು ತುಂಬಿತ್ತು. ಡೆಲ್ಫಿನ್ ಕೌಂಟರಿನ ಹಿಂದೆ ನಿಂತು ಮರದ ಸೌಟಿನಿಂದ ಹಲಗೆ ಕುಟ್ಟಿ ಸಭೆ ಶುರುಮಾಡಿದಳು. ಅವಳ ಗಂಟಲು ಎಷ್ಟು ದೊಡ್ಡದೆಂದರೆ ನಮ್ಮ ಪಾದ್ರಿಗಳಿಗೇ ಅಸೂಯೆ.

ಮೊದಲು ಎದ್ದದ್ದು 1953ರ ಆಲ್ಫಾನ್ಸ್‌ನ ಹೆಸರು. ಸತ್ತು ಬಹಳ ವರ್ಷವಾಗಿದ್ದ ಅವನು ಮಾತೆತ್ತಿದರೆ ಚೆಂಡನ್ನು ಹೊಲಕ್ಕೆ ಕಳಿಸುತ್ತಿದ್ದನಂತೆ. ಆದರೆ ಅವನ ಆಟ ಕಣ್ಣಾರೆ ಕಂಡವರು ಯಾರು ಎಂದು ಕೇಳಿದಾಗ, ಡೆಲ್ಫಿನ್‌ಳ ಅಮ್ಮ ಒಬ್ಬರೇ ಕೈ ಎತ್ತಿದರು. ಅವರನ್ನು ವಿಚಾರಿಸಿದರೆ, "ಆಟ ಯಾರು ನೋಡಿದ್ರು? ನಾನು ಅವನ ಮೀಸೆ ನೋಡ್ತಿದ್ದೆ" ಎಂದರು. ಅಲ್ಲಿಗೆ ಆಲ್ಫಾನ್ಸ್‌ನ ಕಥೆ ಮುಗಿಯಿತು.

ಆಮೇಲೆ ಬಂದದ್ದು ಡ್ವೇನ್, 1979. ಇದಕ್ಕೆ ಎಲ್ಲರೂ ಮೇಜು ಕುಟ್ಟಿದರು. ಡ್ವೇನ್ ಆಗ ಇಪ್ಪತ್ತೆರಡರ ಹುಡುಗ, ಈಗ ಮಿನಿಯಾಪೊಲಿಸ್‌ನಲ್ಲಿ ಛಾವಣಿ ಕೆಲಸದ ಗುತ್ತಿಗೆದಾರ. ಆ ಒಂದೇ ಬೇಸಿಗೆ ಅವನು ಒಂದನೇ ಬೇಸ್ ಆಡಿದ್ದು. ಹತ್ತು ಸಲ ಬ್ಯಾಟ್ ಹಿಡಿದರೆ ನಾಲ್ಕು ಸಲ ಹೊಡೆಯುತ್ತಿದ್ದ. ಹೊಡೆದ ಚೆಂಡು ಹುಡುಕಲು ಜೋಳದೊಳಗೆ ನುಗ್ಗಿದವರು ಊಟದ ಹೊತ್ತಿಗೂ ಈಚೆ ಬರುತ್ತಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಆ ಬೇಸಿಗೆ ನಾನೂ ಚಪ್ಪಾಳೆ ತಟ್ಟಿ ಅಂಗೈ ಕೆಂಪು ಮಾಡಿಕೊಂಡಿದ್ದೆ.

"ಬೇರೆ ಯಾರಾದ್ರೂ?" ಎಂದಳು ಡೆಲ್ಫಿನ್.

ನಾನು ಎದ್ದು ನಿಂತೆ. "ಆಂಬ್ರೋಸ್. ಎಪ್ಪತ್ತಾರು."

ಹೋಟೆಲೆಲ್ಲ ನಗು. ಕೆಟ್ಟ ನಗುವಲ್ಲ, ಪ್ರೀತಿಯದೇ. ಅದೇ ನನ್ನನ್ನು ಹೆಚ್ಚು ಉರಿಸಿತು.

"ಕೂತ್ಕೊಳೇ ಲಿಯೋನಾ" ಎಂದ ನಾರ್ಬರ್ಟ್. "ಹತ್ತು ಸಲ ಬ್ಯಾಟ್ ಹಿಡಿದ್ರೆ ಎಂಟು ಸಲ ತಲೆ ತಗ್ಗಿಸ್ಕೊಂಡು ವಾಪಸ್ ಬರ್ತಿದ್ದ ನಿನ್ನ ಗಂಡ."

"ಉಳಿದ ಎರಡು ಸಲ?"

"ಉಳಿದ ಎರಡು ಸಲ ಚೆಂಡೇ ಬಂದು ಅವನ ಬ್ಯಾಟಿಗೆ ಡಿಕ್ಕಿ ಹೊಡೀತು."

ಎಲ್ಲರಿಗಿಂತ ಜೋರಾಗಿ ನಕ್ಕವನು ಆಂಬ್ರೋಸ್. ನನಗೆ ಮೈಯೆಲ್ಲ ಬೆಂಕಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇಲ್ಲಿ ಆ ಗಿಡವೇ ತಾನು ಮದ್ದಲ್ಲ ಎಂದು ಪಕ್ಕದಲ್ಲಿ ಕೂತು ನಗುತ್ತಿತ್ತು.

"ಬ್ಯಾಟ್ ಮಾತ್ರಾನಾ ಆಟ? ಚೆಂಡು ಹಿಡಿಯೋದು ಆಟ ಅಲ್ವಾ?" ಎಂದೆ.

"ಹಿಡೀತಿದ್ದ, ಹಿಡೀತಿದ್ದ" ಎಂದ ನಾರ್ಬರ್ಟ್, ಉದಾರಿಯಂತೆ. "ನೆಟ್ಟಗೆ ಎದೆಗೆ ಬರೋ ಚೆಂಡನ್ನ ಯಾರು ಬೇಕಾದ್ರೂ ಹಿಡೀತಾರೆ. ಎಸೆಯೋನು ಯಾರು ಅನ್ನೋದು ಮುಖ್ಯ." ಹೀಗೆಂದು ತನ್ನ ತೋಳನ್ನು ತಾನೇ ತಟ್ಟಿಕೊಂಡ. ಮತ್ತೆ ನಗು. ಮತ್ತೆ, ಯಾರೂ ಕೇಳದಿದ್ದರೂ, ಮೊಣಕೈಯ ಕಥೆ ಶುರು.

ಆ ಕಥೆ ಕೇಳದವರು ನಮ್ಮ ಸೀಮೆಯಲ್ಲೇ ಇಲ್ಲ. ಎಪ್ಪತ್ತೊಂಬತ್ತರಲ್ಲಿ ಡ್ವೇನ್ ಹಾಗೆ ಹೊಡೆಯುತ್ತಿದ್ದರೂ ನಾವು ರಾಜ್ಯದ ಪಂದ್ಯಾವಳಿಗೆ ಹೋಗಲಿಲ್ಲ, ಯಾಕೆಂದರೆ ಆ ಬೇಸಿಗೆ ನಾರ್ಬರ್ಟ್‌ನ ಮೊಣಕೈ ಕೈಕೊಟ್ಟಿತು. ಎಸೆದದ್ದೆಲ್ಲ ದಾರಿ ತಪ್ಪುತ್ತಿತ್ತು. ಕೊನೆಯ ಪಂದ್ಯ ಸೋತದ್ದೂ ಅವನ ಒಂದು ಎಸೆತ ಒಂದನೇ ಬೇಸನ್ನು ದಾಟಿ ಹೋಗಿದ್ದರಿಂದಲೇ. ಪಾಪ, ನೋವಿನಲ್ಲೂ ಆಡಿದ ಎಂದು ಊರು ಅವನ ಬೆನ್ನು ತಟ್ಟಿತ್ತು. ಆ ಚಳಿಗಾಲ ಅವನು ಕುದುರೆಗಳಿಗೆ ಹಚ್ಚುವ ಒಂದು ಕರಿ ಮುಲಾಮು ಸಂಪಾದಿಸಿ ದಿನಾ ತಿಕ್ಕಿಕೊಂಡ. ಮರುವರ್ಷ ಕೈ ಮೊದಲಿನಂತಾಯಿತು. ಅಂದಿನಿಂದ ಆ ಮುಲಾಮನ್ನು ಅವನು ಕಂಡಕಂಡವರ ಮಂಡಿಗೂ ಭುಜಕ್ಕೂ ಶಿಫಾರಸು ಮಾಡುತ್ತಾ ಬಂದಿದ್ದಾನೆ. ಅರ್ಧ ಊರು ಲಾಯದ ಹಾಗೆ ನಾರುವುದು ಅವನ ಕೃಪೆಯಿಂದ.

"ಯಾವಾಗ ಶುರುವಾಯ್ತು ನೋವು?" ಎಂದಳು ಡೆಲ್ಫಿನ್, ಲೋಟ ಒರೆಸುತ್ತಾ. ಕಥೆಗೆ ಹೂಂಗುಟ್ಟುವುದು ಅವಳ ಕಸುಬಿನ ಭಾಗ.

"ಮೇ ತಿಂಗಳ ಕೊನೆ. ನೆನಪಿದೆ ನಂಗೆ, ಆಂಬ್ರೋಸ್‌ನ ಬೆರಳು ಕೊಟ್ಟಿಗೆ ಬಾಗಿಲಿಗೆ ಸಿಕ್ಕಿ ಮುರೀತಲ್ಲ, ಅದೇ ವಾರ."

"ವಾಸಿ ಆಗಿದ್ದು?"

"ಮಾರನೇ ವಸಂತ. ಇವನ ಬೆರಳೂ ಕೂಡ್ಕೊಂಡಿತ್ತು, ಇಬ್ಬರೂ ಒಟ್ಟಿಗೇ ಮೈದಾನಕ್ಕೆ ಇಳಿದ್ವಿ. ಮೊದಲ ದಿನದಿಂದ್ಲೇ ಕೈ ಬೆಣ್ಣೆ!"

ನಲವತ್ತು ವರ್ಷದಿಂದ ಈ ಕಥೆ ಕೇಳುತ್ತಾ ಬಂದಿದ್ದೆ. ಆ ದಿನ ಮಾತ್ರ, ಒಂದನೇ ಬೇಸಿನ ಬೇಸಿಗೆಗಳನ್ನೇ ತಲೆಯಲ್ಲಿ ತೂಗುತ್ತಾ ಕೂತಿದ್ದವಳಿಗೆ, ಎರಡೂ ಮಾತು ಒಟ್ಟಿಗೆ ಕೇಳಿಸಿದವು. ಆಂಬ್ರೋಸ್ ಒಂದನೇ ಬೇಸಿನಲ್ಲಿ ಇಲ್ಲದ ಬೇಸಿಗೆ ಅಣ್ಣನ ಮೊಣಕೈ ಕೆಟ್ಟಿತ್ತು. ಆಂಬ್ರೋಸ್ ಮರಳಿದ ದಿನ ಅದು ಸರಿಹೋಗಿತ್ತು. ಅಂದರೆ ಮೊಣಕೈಗೆ ಏನೂ ಆಗಿರಲೇ ಇಲ್ಲ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಬ್ಯಾಟಿನವನು ಚೆಂಡನ್ನು ನೆಲಕ್ಕೆ ಹೊಡೆದು ಒಂದನೇ ಬೇಸಿಗೆ, ಅಂದರೆ ಮೂಲೆಯಲ್ಲಿಟ್ಟ ಮೊದಲ ಮಣೆಗೆ, ಓಡುತ್ತಾನೆ. ಶಾರ್ಟ್‌ಸ್ಟಾಪ್ ಆ ಚೆಂಡನ್ನು ಹೆಕ್ಕಿ ಮೈದಾನದ ಆ ಕಡೆಯಿಂದ ಈ ಕಡೆಗೆ ಎಸೆಯುತ್ತಾನೆ. ಒಂದನೇ ಬೇಸಿನವನು ಒಂದು ಕಾಲನ್ನು ಬೇಸಿನ ಮೇಲೆ ಊರಿಕೊಂಡೇ ಕೈ ಚಾಚಿ ಅದನ್ನು ಹಿಡಿದರೆ ಓಡಿದವನು ಔಟ್. ಎಸೆದ ಚೆಂಡು ಮಣ್ಣಿಗೆ ಬಿದ್ದು ಪುಟಿದು ಕೈಗೆ ಸಿಗದೆ ಹೋಯಿತೋ, ತಪ್ಪು ಎಸೆದವನ ಲೆಕ್ಕಕ್ಕೆ. ಅದೇ ಮಣ್ಣಿನ ಚೆಂಡನ್ನು ಒಂದನೇ ಬೇಸಿನವನು ಬಾಚಿ ಹಿಡಿದನೋ, ಆಗ ಯಾರ ತಪ್ಪೂ ಇಲ್ಲ. ಹಿಡಿದವನಿಗೆ ಅದಕ್ಕಾಗಿ ವಿಶೇಷ ಹೆಸರೂ ಇಲ್ಲ. ಸುಮ್ಮನೆ ಒಂದು ಔಟ್, ಅಷ್ಟೆ.

ಅಣ್ಣನ ಎಸೆತ ಯಾವತ್ತೂ ಮಣ್ಣಿಗೇ ಬೀಳುತ್ತಿತ್ತು, ಬಾಚಿ ಹಿಡಿಯುತ್ತಿದ್ದವನು ಆಂಬ್ರೋಸ್. ಅಣ್ಣನ ಆ ಕಳಂಕವಿಲ್ಲದ 1976ರ ಬೇಸಿಗೆ ನನ್ನ ಗಂಡನ ಬೇಸಿಗೆ. ಬಾಯಿ ತೆರೆದೇಬಿಟ್ಟೆ. ಅಷ್ಟರಲ್ಲಿ ಮೇಜಿನ ಕೆಳಗೆ ಒಂದು ಸೊಟ್ಟ ಬೆರಳಿನ ಕೈ ಬಂದು ನನ್ನ ಕೈಯನ್ನು ಮುಚ್ಚಿತು. ಆಂಬ್ರೋಸ್ ನನ್ನ ಕಡೆ ನೋಡಲಿಲ್ಲ. ಎದುರಿಗಿದ್ದ ಎಲೆಕೋಸಿನ ತಟ್ಟೆಯನ್ನೇ ನೋಡುತ್ತಾ ಬೇಡವೆಂದು ಮೆಲ್ಲಗೆ ತಲೆಯಾಡಿಸಿದ. ಅವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ನಾನು ಬಾಯಿ ಮುಚ್ಚಿದೆ. ಇಂಥದ್ದು ನನ್ನ ಜೀವನದಲ್ಲಿ ಪದೇ ಪದೇ ನಡೆಯುವುದಿಲ್ಲ. ಕೈಗಳು ಎದ್ದವು, ಡ್ವೇನ್ ಆಯ್ಕೆಯಾದ. ಆಂಬ್ರೋಸ್‌ನ ಕೈಯೂ ಡ್ವೇನ್‌ಗೇ ಎದ್ದಿತು. ನನ್ನ ಎರಡು ಕೈಗಳೂ ಮಡಿಲಲ್ಲೇ ಇದ್ದವು.

ಮನೆಗೆ ವಾಪಸಾಗುವಾಗ ಇನ್ನೂ ಬೆಳಕಿತ್ತು. ಪಿಕಪ್ ಗಾಡಿಯಲ್ಲಿ ಮಾತು ಶುರುಮಾಡಿದ್ದು ನಾನೇ, ಇನ್ಯಾರು?

"ಗೊತ್ತಿತ್ತಾ ನಿಂಗೆ?"

"ಏನು?"

"ಆಂಬ್ರೋಸ್!"

"ಗೊತ್ತಿತ್ತು."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಮ್ಮಣ್ಣ ಮೊಣಕೈ ಡೊಂಕು ಅಂದ. ನೀನು ನಲವತ್ತು ವರ್ಷ ಹೂಂ ಅಂತ ಕೂತ್ಕೊಂಡೆ!"

"ಅವನಿಗೆ ನಿಜವಾಗ್ಲೂ ನೋವಿತ್ತೇನೋ."

"ನೋವಿತ್ತಂತೆ! ಇವತ್ತು ನಿನ್ನ ಎದುರಿಗೇ ಹೇಳ್ದ, ಯಾರು ಬೇಕಾದ್ರೂ ಹಿಡೀತಾರೆ ಅಂತ. ನಿಂಗೆ ರೋಷ ಇಲ್ವಾ?"

ಅವನು ಗಾಡಿ ನಿಧಾನ ಮಾಡಿದ. "ಲಿಯೋನಾ, ಅವನು ಚೆಂಡು ಎಸೆದು ಆ ಕಡೆ ತಿರುಗಿಬಿಡ್ತಿದ್ದ. ಹಿಡಿಯೋದನ್ನ ನೋಡ್ತಾನೇ ಇರಲಿಲ್ಲ. ಅಷ್ಟು ನಂಬಿಕೆ. ಅದನ್ನ ಹೇಗೆ ಕೆಡಿಸ್ಲಿ? ಈಗ ಹೇಳಿದ್ರೆ ಬೇಲಿ ಮೇಲೆ ಬರೋ ಅವನ ಹೆಸರನ್ನೇ ಊರವರು ಅಣಕಿಸ್ತಾರೆ. ನೀನು ಹೇಳ್ಬೇಡ."

"ನನ್ನ ಬಾಯಿಂದ ಬರಲ್ಲ" ಎಂದೆ. "ಆದ್ರೆ ನನಗೆ ಸಂತೋಷ ಇಲ್ಲ, ತಿಳ್ಕೋ."

"ತಿಳೀತು" ಎಂದ. ಒಬ್ಬ ಗಂಡಸು ಇಷ್ಟು ಒಳ್ಳೆಯವನಾಗಿದ್ದರೆ ಹೆಂಡತಿ ಪಡುವ ಕಷ್ಟ ಯಾರಿಗೂ ಅರ್ಥವಾಗುವುದಿಲ್ಲ.

ಜುಲೈನ ಭಾನುವಾರ ಬಂತು. ಪೂಜೆ ಮುಗಿಸಿದ ಪಾದ್ರಿಗಳು ಹಾಗೇ ಮೈದಾನಕ್ಕೆ ಬಂದು ನಾಲ್ಕು ಮೂಲೆಗೂ ತೀರ್ಥ ಚಿಮುಕಿಸಿದರು. ಬೇಲಿಯ ಮೇಲೆ ಒಂಬತ್ತು ಹೆಸರು ಹೊಳೆಯುತ್ತಿದ್ದವು. ಪೇಂಟರ್ ಹಿಂದಿನ ದಿನವಷ್ಟೇ ಮುಗಿಸಿ ಡಬ್ಬಗಳನ್ನು ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ. ನಾನು ಮತ್ತು ಆಂಬ್ರೋಸ್ ಯಾವತ್ತಿನಂತೆ ತಿಂಡಿ ಅಂಗಡಿಯಲ್ಲಿದ್ದೆವು. ಒಂದನೇ ಬೇಸಿನ ಹಿಂದೆಯೇ ನಮ್ಮ ಅಂಗಡಿ. ಅವನು ಏಪ್ರನ್ ಕಟ್ಟಿಕೊಂಡು ಕೆಂಡದ ಮೇಲೆ ಸಾಸೇಜು ತಿರುವುತ್ತಿದ್ದ, ನಾನು ಬನ್ನು ಸೀಳುತ್ತಿದ್ದೆ. ಬೇಲಿಯ ಕಡೆ ನಾನು ನೋಡಲಿಲ್ಲ.

ಪಂದ್ಯಕ್ಕೆ ಮುಂಚೆ ಒಂಬತ್ತು ಜನರಲ್ಲಿ ಬದುಕಿರುವವರು ತಮ್ಮ ತಮ್ಮ ಜಾಗದಲ್ಲಿ ನಿಂತು ಒಂದು ಸುತ್ತು ಚೆಂಡು ಎಸೆಯಬೇಕು. ಬದುಕಿದ್ದವರು ಐದು ಜನ. ಡ್ವೇನ್ ಮಿನಿಯಾಪೊಲಿಸ್‌ನಿಂದ ಬಂದಿದ್ದ, ಹೊಟ್ಟೆ ಬಂದಿತ್ತು, ನಗು ಮಾತ್ರ ಹಳೆಯದೇ. ನಾರ್ಬರ್ಟ್ ಹಳೆಯ ಟೋಪಿ ಹಾಕಿಕೊಂಡು ಮದುಮಗನಂತೆ ನಿಂತಿದ್ದ. ವಯಸ್ಸಾಗಿದೆಯೆಂದು ಅರ್ಧ ದಾರಿ ಮುಂದೆ ಬಂದು ನಿಂತಿದ್ದ ಎನ್ನುವುದು ಬೇರೆ ಮಾತು.

ಒಬ್ಬರು ಚೆಂಡನ್ನು ಅವನ ಕಡೆ ಉರುಳಿಸಿದರು. ಅವನು ಬಗ್ಗಿ ಹೆಕ್ಕಿದ, ಚೆಂದವಾಗಿಯೇ ಹೆಕ್ಕಿದ, ಡ್ವೇನ್ ಕಡೆ ಎಸೆದು ತಿರುಗಿ ಜನರಿಗೆ ಟೋಪಿ ಎತ್ತಿದ. ಜನ ಚಪ್ಪಾಳೆ ತಟ್ಟಲಿಲ್ಲ. ಚೆಂಡು ಡ್ವೇನ್‌ನ ಮುಂದೆ ಮಣ್ಣಿಗೆ ಬಿದ್ದು, ಅವನ ಮೊಣಕಾಲಿಗೆ ಬಡಿದು, ನಮ್ಮ ಅಂಗಡಿಯ ಹತ್ತಿರ ಬಂದು ನಿಂತಿತು.

"ಇನ್ನೊಂದು" ಎಂದ ನಾರ್ಬರ್ಟ್. ಅದೂ ಮಣ್ಣಿಗೆ. ಮೂರನೆಯದು ಡ್ವೇನ್‌ನ ಕಾಲ ಸಂದಿಯಿಂದ ನುಗ್ಗಿ ನನ್ನ ಎಲೆಕೋಸಿನ ಪಾತ್ರೆಗೆ ಢಣ್ ಎಂದು ಹೊಡೆಯಿತು. ಈಗ ಜನ ನಗಲು ಶುರುಮಾಡಿದರು.

"ವಯಸ್ಸಾಯ್ತು ಕಣ್ರೋ!" ಎಂದು ಅಣ್ಣ ಕೂಗಿದ, ಮೊಣಕೈ ನೀವಿಕೊಳ್ಳುತ್ತಾ.

"ವಯಸ್ಸಲ್ಲ!" ಡ್ವೇನ್ ಮೊಣಕಾಲು ಉಜ್ಜಿಕೊಳ್ಳುತ್ತಾ ನಗುತ್ತಾ ಕೂಗಿದ. "ಎಪ್ಪತ್ತೊಂಬತ್ತರಲ್ಲೂ ಇಲ್ಲೇ ಎಸೀತಿದ್ದೆ ನೀನು! ಇದೇ ಜಾಗಕ್ಕೆ! ನಾನು ಆಗ ಆಂಬ್ರೋಸ್ ಹತ್ರ ಹೋಗಿ ಕೇಳಿದ್ದೆ, ಮಾರಾಯ, ಇವನ ಚೆಂಡು ಹೇಗೆ ಹಿಡೀತಿದ್ದೆ ಅಂತ. ಮುರಿದ ಬೆರಳು ಇಟ್ಕೊಂಡು ಕೊಟ್ಟಿಗೆ ಹಿಂದೆ ಹೇಳಿಕೊಟ್ಟ ಪಾಪ, ನನಗೆ ಬರಲೇ ಇಲ್ಲ!"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಲ್ಲರಿಗೂ ಗೊತ್ತಿರುವ ವಿಷಯ ಎಂದೇ ಅವನು ತಿಳಿದಿದ್ದ. ನಮ್ಮದು ಸಣ್ಣ ಮೈದಾನ. ಎಲ್ಲರಿಗೂ ಕೇಳಿಸಿತು, ತಲೆಗಳೆಲ್ಲ ನಮ್ಮ ಅಂಗಡಿಯ ಕಡೆ ತಿರುಗಿದವು. ಆಂಬ್ರೋಸ್ ತಲೆ ತಗ್ಗಿಸಿ ಒಂದೇ ಸಾಸೇಜನ್ನು ಮತ್ತೆ ಮತ್ತೆ ತಿರುವುತ್ತಿದ್ದ.

ನಾರ್ಬರ್ಟ್ ಕದಲದೆ ನಿಂತಿದ್ದ. ಅಣ್ಣನ ಮುಖ ನನಗೆ ಚಿಕ್ಕಂದಿನಿಂದ ಗೊತ್ತು. ಲೆಕ್ಕ ಹಾಕುವಾಗ ಅವನ ತುಟಿ ಅಲುಗುತ್ತದೆ. ಈಗಲೂ ಅಲುಗುತ್ತಿತ್ತು. ಬೆರಳು ಮುರಿದ ಮೇ ತಿಂಗಳು, ಕೂಡಿದ ವಸಂತ, ಕರಿ ಮುಲಾಮು, ಎಲ್ಲವೂ ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಏಪ್ರಿಲ್‌ನಿಂದ ನಾನು ಇದೇ ಗಳಿಗೆಯನ್ನು ಬಯಸಿದ್ದವಳು. ಬಂದಾಗ ಮಾತ್ರ ನನಗೆ ಅದು ಬೇಡವಾಯಿತು. ಎಷ್ಟಾದರೂ ಅಣ್ಣ.

"ಆಂಬ್ರೋಸ್" ಎಂದು ಅವನು ಕರೆದ. "ಬಾ ಇಲ್ಲಿ."

"ಸಾಸೇಜು ಸೀದುಹೋಗುತ್ತೆ" ಎಂದ ಆಂಬ್ರೋಸ್.

"ಸೀದ್ರೆ ಸೀಯಲಿ, ನಡಿ!" ಎಂದು ನಾನೇ ಅವನ ಕೈಯಿಂದ ಇಕ್ಕಳ ಕಿತ್ತುಕೊಂಡೆ.

ಏಪ್ರನ್ನಿನಲ್ಲೇ ಹೋದ. ಡ್ವೇನ್ ತನ್ನ ಗ್ಲೌಸು ಬಿಚ್ಚಿ ಕೊಟ್ಟು ಪಕ್ಕಕ್ಕೆ ಸರಿದ. ಆಂಬ್ರೋಸ್ ಬೇಸಿನ ಮೇಲೆ ಕಾಲಿಟ್ಟು, ಹಿಮ್ಮಡಿಯಿಂದ ಒಮ್ಮೆ ಅದರ ಅಂಚನ್ನು ತಡಕಿದ.

ನಾರ್ಬರ್ಟ್ ಎಸೆದ. ಈ ಸಲ ಅವನು ತಿರುಗಲಿಲ್ಲ. ಬಹುಶಃ ಜೀವನದಲ್ಲಿ ಮೊದಲ ಸಲ ತನ್ನ ಚೆಂಡು ಏನಾಗುತ್ತದೆಂದು ನಿಂತು ನೋಡಿದ. ಅದು ಮಣ್ಣಿಗೇ ಬಿತ್ತು. ಆಂಬ್ರೋಸ್‌ನ ಮಂಡಿ ಬಗ್ಗಿತು, ಕೈ ಮುಂದೆ ಹೋಯಿತು, ಚೆಂಡು ಗ್ಲೌಸಿನೊಳಗಿತ್ತು. ಇನ್ನೊಂದು ಎಡಕ್ಕೆ ಜಾರಿತು, ಅದೂ ಒಳಗೆ. ಮತ್ತೊಂದು ಎರಡು ಸಲ ಪುಟಿಯಿತು, ಅದೂ. ಚೀಲಕ್ಕೆ ಆಲೂಗಡ್ಡೆ ತುಂಬುವವನ ಹಾಗೆ, ಗಡಿಬಿಡಿಯಿಲ್ಲ, ಶೋಕಿಯಿಲ್ಲ. ನನಗೆ ಅಳು ಬಂತು. ಆ ಎಪ್ಪತ್ತರ ಮಂಡಿಗಳನ್ನು ನೋಡಿ ಪಟ್ಟಷ್ಟು ಹೆಮ್ಮೆಯನ್ನು ನಾನು ನನ್ನ ಮದುವೆಯ ದಿನವೂ ಪಟ್ಟಿರಲಿಲ್ಲ.

ನಾರ್ಬರ್ಟ್ ಚೆಂಡು ಕೆಳಗಿಟ್ಟು ಮೈದಾನ ದಾಟಿ ಬಂದ.

"ಯಾವಾಗ್ಲೂ ಹೀಗೇನಾ?"

"ಕೆಲವು ಚೆನ್ನಾಗಿಯೂ ಬರ್ತಿದ್ವು" ಎಂದ ಆಂಬ್ರೋಸ್.

"ಎಪ್ಪತ್ತಾರರಲ್ಲಿ?"

ಆಂಬ್ರೋಸ್ ಸುಳ್ಳು ಹೇಳಲಾರ. ಅವನು ಗ್ಲೌಸಿನ ಮಣ್ಣು ಕೊಡವಿದ. "ನೀನು ಬೇರೆಯವರಿಗೆ ಕಾಣದ ಚೆಂಡನ್ನ ಹೆಕ್ತಿದ್ದೆ ನಾರ್ಬರ್ಟ್. ಅದು ನಿಂದೇ. ಎಸೆಯೋದು... ನೀನು ಅಲ್ಲಿಗೆ ಎಸೀತಿದ್ದೆ, ನಾನು ಅಲ್ಲೇ ಇರ್ತಿದ್ದೆ."

ಕೌಂಟರಿಲ್ಲದಿದ್ದರೂ ಡೆಲ್ಫಿನ್‌ಳ ಗಂಟಲು ಗಂಟಲೇ. "ಹಂಗಾದ್ರೆ ಮೂವತ್ತು ವರ್ಷ ನಾನು ಮಂಡಿಗೆ ತಿಕ್ಕಿದ್ದು ಏನು?" ಎಂದು ಕೂಗಿದಳು. ಆಗ ಊರು ಬಿದ್ದು ಬಿದ್ದು ನಕ್ಕಿತು. ನಾರ್ಬರ್ಟ್ ನಗಲಿಲ್ಲ. ಯಾರಿಗೂ ಏನೂ ಹೇಳದೆ ಶೆಡ್ಡಿಗೆ ನಡೆದ.

ಅವನು ಮನೆಗೆ ಹೊರಟನೆಂದೇ ನಾನು ಹೆದರಿದೆ. ಅವನು ಈಚೆ ಬಂದಾಗ ಒಂದು ಕೈಯಲ್ಲಿ ಬಿಳಿ ಬಣ್ಣದ ಡಬ್ಬ, ಇನ್ನೊಂದರಲ್ಲಿ ಕುಂಚ. ನೇರವಾಗಿ ಮೈದಾನ ಸೀಳಿಕೊಂಡು ಬೇಲಿಗೆ ಹೋದ. ಅಂಪೈರ್ ಗಡಿಯಾರ ನೋಡಿಕೊಂಡ, ಎದುರು ತಂಡದವರು ಹುಲ್ಲಿನ ಮೇಲೆ ಕೂತರು. ಅಣ್ಣ ಮೊದಲು ತನ್ನ ಹೆಸರಿನ ಮುಂದೆ ನಿಂತು ಕುಂಚ ಎತ್ತಿದ. ಅಳಿಸಿಯೇಬಿಡುತ್ತಾನೆ ಎಂದುಕೊಂಡೆ. ಆಂಬ್ರೋಸ್ ಇಲ್ಲಿಂದಲೇ "ಬೇಡ!" ಎಂದು ಕೂಗಿದ. ಅವನು ಹಾಗೆ ಕೂಗಿದ್ದನ್ನು ನಾನು ಕೇಳಿರಲೇ ಇಲ್ಲ.

ನಾರ್ಬರ್ಟ್ ತಿರುಗಿ ನೋಡಿದ, ಕುಂಚ ಇಳಿಸಿದ. ಆಮೇಲೆ ಡ್ವೇನ್‌ನ ಹೆಸರಿನ ಕೆಳಗೆ ಮೊಣಕಾಲೂರಿ ಕೂತು ಬರೆಯತೊಡಗಿದ. ಡ್ವೇನ್ ಓಡಿಹೋಗಿ ಡಬ್ಬ ಹಿಡಿದುಕೊಂಡ. ಅಕ್ಷರಗಳು ಶುರುವಾದದ್ದು ಒಂದು ಕಡೆ, ಮುಗಿದದ್ದು ಒಂದು ಕಡೆ. ಬರಬರುತ್ತಾ ಹುಲ್ಲಿನೊಳಗೇ ಇಳಿದವು. ಆಂಬ್ರೋಸ್, ಅದರ ಪಕ್ಕದಲ್ಲಿ 1976. ತನ್ನ ಹೆಸರಿಗಿದ್ದ ವರ್ಷವನ್ನೇ ಅಣ್ಣ ನನ್ನ ಗಂಡನಿಗೂ ಬರೆದಿದ್ದ.

ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಂಬ್ರೋಸ್ ಅಷ್ಟು ಹೊತ್ತಿಗೆ ಅಂಗಡಿಗೆ ಓಡಿಬಂದು ಕೆಂಡದ ಹೊಗೆಯ ಹಿಂದೆ ಅಡಗಿದ್ದ. "ಕೇಳಿಸ್ತಾ?" ಎಂದೆ. "ಕೇಳಿಸ್ತು" ಎಂದ. ಅವನ ಕಿವಿ ಕೆಂಪಾಗಿತ್ತು. ನನಗೆ ಬೇಕಿದ್ದದ್ದು ಸಿಕ್ಕಿತ್ತು. ದೇವರಿಗೂ ಡ್ವೇನ್‌ನ ಸಡಿಲ ನಾಲಿಗೆಗೂ ಮನಸ್ಸಿನಲ್ಲೇ ಕೈಮುಗಿದೆ.

ಪಂದ್ಯ ಶುರುವಾದ ಮೇಲೆ ನಾರ್ಬರ್ಟ್ ಅಂಗಡಿಗೆ ಬಂದ. ಕೈಯೆಲ್ಲ ಬಿಳಿ ಬಣ್ಣ. ಸಾಸೇಜು ಬೇಕೆನ್ನಲಿಲ್ಲ, ಬಿಯರೂ ಬೇಕೆನ್ನಲಿಲ್ಲ. ಕೌಂಟರಿಗೆ ಒರಗಿ ಬೆರಳಿನ ಬಣ್ಣ ಕೆರೆಯುತ್ತಾ ನಿಂತ. ನಮ್ಮೂರಿನ ಗಂಡಸರಿಗೆ ಆ ಒಂದು ಮಾತು ಹೇಳುವುದು ಹಲ್ಲು ಕೀಳಿಸಿಕೊಂಡ ಹಾಗೆ.

"ಥ್ಯಾಂಕ್ಸ್ ಕಣೋ" ಎಂದ ಕೊನೆಗೆ. ಕಣ್ಣು ತುಂಬಿತ್ತು. "ಯಾಕೋ ಹೇಳಲಿಲ್ಲ? ಒಂದು ಸಲ ಬೈದಿದ್ರೂ ನೆಟ್ಟಗೆ ಎಸೆಯೋದು ಕಲೀತಿದ್ದೆ."

ಆಂಬ್ರೋಸ್ ಇಕ್ಕಳ ಕೆಳಗಿಟ್ಟ.

"ಅದಕ್ಕೇ ಹೇಳಲಿಲ್ಲ" ಎಂದ. "ನನ್ನ ಬ್ಯಾಟಿಂಗ್ ನೀನೇ ನೋಡಿದ್ದೀಯಲ್ಲ. ಪ್ರತಿ ವಸಂತ ಕೋಚ್ ನನ್ನನ್ನ ಬಿಟ್ಟು ಬೇರೆಯವರನ್ನ ಹಾಕ್ಬೇಕು ಅಂತಿದ್ರು. ಆಮೇಲೆ ನೀನು ಎಸೆಯೋದನ್ನ ನೋಡಿ ಸುಮ್ಮನಾಗ್ತಿದ್ರು. ನಂಗೆ ಆಟ ಅಂದ್ರೆ ಪ್ರಾಣ, ನಾರ್ಬರ್ಟ್. ನೀನು ನೆಟ್ಟಗೆ ಎಸೆಯೋ ಶಾರ್ಟ್‌ಸ್ಟಾಪ್ ಆಗಿದ್ರೆ ನನ್ನನ್ನ ಒಂದು ಬೇಸಿಗೇನೂ ಆಡಿಸ್ತಿರಲಿಲ್ಲ. ನೀನು ಅಭ್ಯಾಸ ಮುಗಿಸಿ ನನ್ನನ್ನ ಊಟಕ್ಕೆ ನಿಮ್ಮನೆಗೆ ಕರ್ಕೊಂಡು ಹೋಗ್ತಿರಲಿಲ್ಲ. ನಿಮ್ಮಡುಗೆ ಮನೆಯಲ್ಲಿ ಇವಳು ಇದ್ದಾಳೆ ಅಂತ್ಲೂ ನಂಗೆ ಗೊತ್ತಾಗ್ತಿರಲಿಲ್ಲ." ಅವನು ನನ್ನ ಕಡೆ ನೋಡಲಿಲ್ಲ, ಬಣ್ಣ ಮೆತ್ತಿದ ಅಣ್ಣನ ಕೈಯನ್ನು ನೋಡುತ್ತಿದ್ದ. "ಥ್ಯಾಂಕ್ಸ್ ಹೇಳ್ಬೇಕಾದವನು ನಾನು. ನನ್ನ ಬಾಳೆಲ್ಲ ನಿನ್ನ ಆ ಕೆಟ್ಟ ಎಸೆತದಿಂದ ಬಂದಿದ್ದು."

ಕೈಯಲ್ಲಿದ್ದ ಬನ್ನನ್ನು ಸೀಳುತ್ತಾ ಸೀಳುತ್ತಾ ಪುಡಿ ಮಾಡಿದ್ದೆ.

ನಾರ್ಬರ್ಟ್ ಟೋಪಿ ತೆಗೆದು ಮುಖ ಒರೆಸಿಕೊಂಡ. ಮೂಗಿಗೆ ಬಿಳಿ ಬಣ್ಣ ಹತ್ತಿತು. ನನ್ನನ್ನೊಮ್ಮೆ, ಆಂಬ್ರೋಸ್‌ನನ್ನೊಮ್ಮೆ ನೋಡಿದ.

"ಮೊದಲೇ ಗೊತ್ತಿದ್ರೆ ಇನ್ನೂ ಸ್ವಲ್ಪ ಕೆಳಗೆ ಎಸೀತಿದ್ದೆ ಕಣೋ" ಎಂದ.